ಕೆಲಸಕ್ಕೆ ಸೇರಿದ ಮೇಲೆ ಯಾರನ್ನು ಕೇಳೋದು?

(ಎಂ.ಕಾಂ. ಮತ್ತು ಎಂಬಿಎ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ನೀವು ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನ ಇನ್ನು ಕೆಲವೇ ತಿಂಗಳಲ್ಲಿ ಎಲ್ಲೋ ಒಂದು ಕಡೆ ಕೆಲಸಕ್ಕೆ ಸೇರುತ್ತೀರಿ. ಇಂಟರ್‌ವ್ಯೂ ಹೇಗೆ ಎದುರಿಸಬೇಕು, ರೆಸ್ಯೂಮೆ ಹೇಗೆ ಬರೆಯಬೇಕು ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಸೇರಿದ ಮೇಲಿನ ಮೊದಲ ಆರು ತಿಂಗಳ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾನು ಬ್ಯಾಂಕಿನ ತರಬೇತಿ ವಿಭಾಗದಲ್ಲಿ ಇದ್ದವನು. ಹೊಸಬರನ್ನು ಬ್ಯಾಚು ಬ್ಯಾಚಾಗಿ ನೋಡಿದ್ದೇನೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಹೊಸ ನೌಕರರನ್ನು ಹೊಸ ಸೊಸೆಗೆ ಹೋಲಿಸುವ ಭಾಷಣಗಳನ್ನು ನೀವು ಕೇಳಿರುತ್ತೀರಿ. ಹೊಸ ಮನೆ, ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಅಂತ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಅದರಲ್ಲಿ ಹೊಂದಿಕೊಳ್ಳುವ ಭಾರವೆಲ್ಲ ಬಂದವಳ ತಲೆಗೇ. ಮನೆಯವರು ಸುಮ್ನೆ ಕೂತು ನೋಡಿದರೆ ಸಾಕು. ಆಫೀಸುಗಳೂ ಹೀಗೇ ನಡೆದುಕೊಳ್ಳುತ್ತವೆ. ಹುಡುಗ ಮೂರು ತಿಂಗಳಿಗೆ ಬಿಟ್ಟು ಹೋದರೆ "ಈಗಿನವರಿಗೆ ತಾಳ್ಮೆ ಇಲ್ಲ" ಎಂದು ಷರಾ ಹಾಕಿ ಮುಗಿಸುತ್ತವೆ. ನಾನು ಕಂಡಿದ್ದು ಬೇರೆ. ಹೊಸಬರು ನೆಲೆಯೂರುವುದಕ್ಕೆ ಅವರ ತಾಳ್ಮೆಗಿಂತ ಹೆಚ್ಚಾಗಿ ಬೇಕಾದದ್ದು, ಹೆದರದೆ ಕೇಳಬಹುದಾದ ಒಬ್ಬ ಮನುಷ್ಯ. ಅಂಥವರು ಸಿಕ್ಕರೆ ನಿಲ್ಲುತ್ತಾರೆ. ಇಲ್ಲದಿದ್ದರೆ ಹೋಗುತ್ತಾರೆ. ಇಲ್ಲವೇ ಅಲ್ಲೇ ಇದ್ದು ಮಂಕಾಗುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಹಳೆಯದು, ಅಮೆರಿಕದ್ದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಹೆಸರು ಕೇಳಿದ್ದೀರಿ ಅಲ್ವಾ? 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಕಂಪನಿ. ಅವರ ಆಂಟೆನಾವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಬೆಂಗಳೂರಿನ ಐಟಿ ಮಂದಿಗೆಲ್ಲ ಬಾಯಿಪಾಠ. ನಾನು ಹೇಳುತ್ತಿರುವುದು ಅದಕ್ಕೂ ಸುಮಾರು ಇಪ್ಪತ್ತು ವರ್ಷ ಹಿಂದಿನ ಮಾತು. ಅಮೆರಿಕದ ಅವರ ಕಾರ್ಖಾನೆಯಲ್ಲಿ ಚಿಕ್ಕ ಚಿಕ್ಕ ಸರ್ಕ್ಯೂಟುಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಜೋಡಿಸುವ ಕೆಲಸ ನಡೆಯುತ್ತಿತ್ತು. ಮಾಡುತ್ತಿದ್ದವರು ಹೆಂಗಸರು. ಹೊಸದಾಗಿ ಸೇರಿದವರು ಕೆಲಸ ಕಲಿಯುವುದಕ್ಕೆ ತಿಂಗಳುಗಳೇ ಹಿಡಿಯುತ್ತಿತ್ತು. ಬಹಳ ಜನ ನಡುವೆಯೇ ಬಿಡುತ್ತಿದ್ದರು. ಆ ವಿಭಾಗದ ಮ್ಯಾನೇಜರ್ ಅರ್ಲ್ ಗೋಮರ್ಸಾಲ್, ಜೊತೆಗೆ ಅದೇ ಕಂಪನಿಯ ಸ್ಕಾಟ್ ಮೈಯರ್ಸ್. ಇಬ್ಬರೂ ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು.

ಏನು ಗೊತ್ತಾಯಿತು? ಕೈಕೆಲಸ ಅಷ್ಟೇನೂ ಕಷ್ಟದ್ದಲ್ಲ. ಮೊದಲ ದಿನಗಳ ಭಯ ದೊಡ್ಡದು. ಹಳಬರು ಹೊಸಬರನ್ನು ಹೆದರಿಸುತ್ತಿದ್ದರು. ಸೂಪರ್‌ವೈಸರ್ ಎಂಥವರು ಗೊತ್ತಾ, ಇಷ್ಟು ಪೀಸು ಆಗದಿದ್ದರೆ ಏನಾಗುತ್ತದೆ ಗೊತ್ತಾ, ಹೀಗೆ ಇದ್ದದ್ದು ಇಲ್ಲದ್ದು ಸೇರಿಸಿ. ನಮ್ಮ ಹಾಸ್ಟೆಲ್ಲುಗಳ ರ‍್ಯಾಗಿಂಗ್ ಇದಕ್ಕಿಂತ ತುಂಬಾ ಬೇರೆಯಲ್ಲ. ಹೊಸಬರಿಗೆ ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಲು ಭಯ. ಕೇಳದಿದ್ದರೆ ತಪ್ಪು. ತಪ್ಪಾದರೆ ಇನ್ನೂ ಭಯ. ತಮಾಷೆ ಏನೆಂದರೆ ಸೂಪರ್‌ವೈಸರುಗಳಿಗೂ ಭಯವಿತ್ತು. ತಮ್ಮ ಕೆಳಗೆ ಕೆಲಸ ಮಾಡುವವರಿಗೆ ತಮಗಿಂತ ಜಾಸ್ತಿ ಗೊತ್ತಿದ್ದರೆ ಏನು ಗತಿ ಅಂತ.

ಆಮೇಲೆ ಅವರು ಒಂದು ಪ್ರಯೋಗ ಮಾಡಿದರು. ಮಾಮೂಲಿಯಾಗಿ ಮೊದಲ ದಿನ ಎರಡು ಗಂಟೆ ಕೆಲಸದ ವೇಳೆ, ವಿಮೆ, ಪಾರ್ಕಿಂಗ್, ನಿಯಮ ಅಂತ ಪಾಠ ಇರುತ್ತಿತ್ತು. ಮುಗಿದ ಕೂಡಲೇ ಸೀದಾ ಕೆಲಸದ ಜಾಗಕ್ಕೆ. ಪ್ರಯೋಗಕ್ಕೆ ಆರಿಸಿದ ಹತ್ತು ಜನ ಹೆಂಗಸರಿಗೆ ಮಾತ್ರ "ಇವತ್ತು ನಿಮಗೆ ಕೆಲಸ ಇಲ್ಲ, ಆರಾಮಾಗಿ ಕೂತು ಮಾತಾಡೋಣ" ಎಂದರು. ಉಳಿದ ಆರು ಗಂಟೆ ಮಾತುಕತೆ. ಹೇಳಿದ ವಿಷಯ ನಾಲ್ಕೇ ನಾಲ್ಕು. ಹಿಂದೆ ಬಂದವರಲ್ಲಿ ಬಹುತೇಕ ಎಲ್ಲರೂ ಈ ಕೆಲಸ ಕಲಿತಿದ್ದಾರೆ, ನೀವೂ ಕಲಿಯುತ್ತೀರಿ. ಹಳಬರು ಹೆದರಿಸುತ್ತಾರೆ, ಅದನ್ನು ತಲೆಗೆ ಹಾಕಿಕೊಳ್ಳಬೇಡಿ. ಗೊತ್ತಾಗದಿದ್ದರೆ ನೀವೇ ಹೋಗಿ ಕೇಳಿ, ಯಾರಾದರೂ ಬಂದು ಹೇಳಲಿ ಎಂದು ಕಾಯಬೇಡಿ. ಕೊನೆಯದು, ನಿಮ್ಮ ಸೂಪರ್‌ವೈಸರ್ ಇಂಥ ಸ್ವಭಾವದವರು. ಅವರ ಹವ್ಯಾಸ ಏನು, ಕಟ್ಟುನಿಟ್ಟು ಎಲ್ಲಿ, ಸ್ನೇಹ ಎಲ್ಲಿ, ಎಲ್ಲವನ್ನೂ ಬಿಡಿಸಿ ಹೇಳಿದರು.

ಇಷ್ಟೇ. ಯಂತ್ರ ಬದಲಾಗಲಿಲ್ಲ, ಸಂಬಳ ಬದಲಾಗಲಿಲ್ಲ. ಈ ಕ್ರಮ ಜಾರಿಗೆ ಬಂದ ಮೇಲೆ ಕಲಿಯುವ ಸಮಯ ಅರ್ಧಕ್ಕೆ ಇಳಿಯಿತು. ಗೈರುಹಾಜರಿ ಅರ್ಧಕ್ಕೆ ಇಳಿಯಿತು. ಕೆಟ್ಟು ಎಸೆಯುವ ಮಾಲು ಹಿಂದಿನದರ ಐದನೇ ಒಂದು ಭಾಗಕ್ಕೆ ಬಂತು. 1966ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಅವರು ಇದನ್ನು ಬರೆದರು. ಅರವತ್ತು ವರ್ಷವಾಗುತ್ತಾ ಬಂತು. ನಮ್ಮ ಎಷ್ಟು ಕಡೆ ಇವತ್ತಿಗೂ ಮೊದಲ ದಿನ ಎಂದರೆ ಫಾರಂ ತುಂಬುವುದು, ಫೋಟೋ ತೆಗೆಸುವುದು, ಐಡಿ ಕಾರ್ಡಿಗೆ ಕಾಯುವುದು.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬ್ಯಾಂಕ್ ಶಾಖೆ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆ ಬರೆದು ಪ್ರೊಬೇಷನರಿ ಆಫೀಸರ್ ಆದ ಹುಡುಗ ಪಾಟ್ನಾದಿಂದಲೋ ಜೈಪುರದಿಂದಲೋ ಬಂದು ಸಿಂಧನೂರಿನಲ್ಲಿ ಇಳಿಯುತ್ತಾನೆ ಎಂದುಕೊಳ್ಳಿ. ತರಬೇತಿ ಕಾಲೇಜಿನಲ್ಲಿ ಅವನಿಗೆ ಸಾಲದ ನಿಯಮ ಎಲ್ಲ ಹೇಳಿಕೊಟ್ಟಿರುತ್ತಾರೆ. ಗ್ರಾಹಕರ ಗುರುತು ನೋಡುವ ಕೆವೈಸಿ, ವಾಪಸ್ ಬಾರದ ಸಾಲದ ಎನ್‌ಪಿಎ, ಬೆಳೆ ಸಾಲದ ಲೆಕ್ಕ ಎಲ್ಲ ಗೊತ್ತು. ಗೊತ್ತಿಲ್ಲದ್ದು ಬೇರೆ. ಸೇಫಿನ ಎರಡು ಬೀಗದ ಕೈಗಳಲ್ಲಿ ಒಂದು ತನ್ನ ಹತ್ತಿರ ಇರುವ ದಿನ ತಾನು ತಡವಾಗಿ ಬಂದರೆ ಇಡೀ ಶಾಖೆ ನಿಂತುಹೋಗುತ್ತದೆ. ಭತ್ತ ಮಾರಿ ದುಡ್ಡು ಕೈಗೆ ಬರುವ ವಾರ ಕೌಂಟರಿನ ಮುಂದೆ ಎಂಥ ಸಾಲು ಇರುತ್ತದೆ. ಸಾಲ ಕೇಳಲು ಬಂದ ರೈತ "ನೋಡೋಣ ಸರ್" ಎಂದು ಎದ್ದರೆ ಅವನಿಗೆ ಬೇಸರವಾಗಿದೆಯೋ ಒಪ್ಪಿಗೆಯಾಗಿದೆಯೋ. ಇದನ್ನೆಲ್ಲ ಯಾವ ಸರ್ಕ್ಯುಲರಿನಲ್ಲಿ ಬರೆದಿರುತ್ತಾರೆ?

ಕ್ಯಾಷ್ ಕೌಂಟರಿಗೆ ಹೊಸದಾಗಿ ಕೂತ ಕ್ಲರ್ಕ್ ಪಾಡು ಇನ್ನೂ ಬೇರೆ. ಸಂಜೆ ಲೆಕ್ಕ ತಾಳೆಯಾಗದೆ ಹಣ ಕಡಿಮೆ ಬಂದರೆ ಅವರೇ ಕೈಯಿಂದ ತುಂಬಬೇಕು. ಮೊದಲ ತಿಂಗಳ ಸಂಬಳ ಬರುವುದಕ್ಕೆ ಮೊದಲೇ ತುಂಬಿದವರುಂಟು. ಪಕ್ಕದವರು "ಟ್ಯಾಲಿ ಆಗ್ಲಿಲ್ವಾ?" ಎಂದು ಕೇಳುವ ಧಾಟಿಯಲ್ಲೇ ಎಲ್ಲ ಇದೆ. ಒಂದು ಶಾಖೆಯಲ್ಲಿ ಆ ಪ್ರಶ್ನೆ ಕೇಳಿದವರು ಬ್ಯಾಗ್ ಹೆಗಲಿಗೆ ಹಾಕಿ ಹೊರಡುತ್ತಾರೆ. ಇನ್ನೊಂದು ಶಾಖೆಯಲ್ಲಿ ಕುರ್ಚಿ ಎಳೆದುಕೊಂಡು ಕೂತು ವೋಚರುಗಳನ್ನು ಒಂದೊಂದಾಗಿ ತಿರುವುತ್ತಾರೆ. ಐನೂರರ ಕಟ್ಟಿನ ಬದಲು ಇನ್ನೂರರದ್ದು ಎಂದು ಬರೆದದ್ದು ಅಲ್ಲೇ ಸಿಗುತ್ತದೆ. ಈ ಎರಡನೇ ಶಾಖೆಯ ಕ್ಲರ್ಕ್ ಅಲ್ಲೇ ನಿಲ್ಲುತ್ತಾರೆ ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ.

ಮತ್ತೆ, ಈ ಕುರ್ಚಿ ಎಳೆದುಕೊಂಡು ಕೂರುವವರು ಮ್ಯಾನೇಜರೇ ಆಗಬೇಕಿಲ್ಲ. ನಮ್ಮ ಹೊಸ ಆಫೀಸರುಗಳನ್ನು ಊರಿಗೆ ಪರಿಚಯ ಮಾಡಿಸಿದವರು ಎಷ್ಟೋ ಸಲ ಪಿಗ್ಮಿ ಏಜೆಂಟರು, ಕಾಗದಪತ್ರ ನೋಡಿಕೊಳ್ಳುವ ದಫ್ತರಿಗಳು. ಪಿಗ್ಮಿ ಎಂದರೆ ಗೊತ್ತಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ, ಮನೆ ಮನೆಗೆ ಹೋಗಿ ದಿನದ ಚಿಲ್ಲರೆ ಉಳಿತಾಯ ಸಂಗ್ರಹಿಸುವ ಪದ್ಧತಿ. ಯಾವ ಅಂಗಡಿ ನಡೆಯುತ್ತಿದೆ, ಯಾವುದು ಬಾಗಿಲು ಹಾಕುವುದರಲ್ಲಿದೆ ಎನ್ನುವುದು ಆ ಏಜೆಂಟರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೂ ಗೊತ್ತಿರುವುದಿಲ್ಲ. ಅವರ ಜೊತೆ ಟೀ ಕುಡಿಯುವ ಆಫೀಸರ್ ಬೇಗ ಕಲಿಯುತ್ತಾನೆ. ಹುದ್ದೆಯ ಗತ್ತಿನಲ್ಲಿ ದೂರ ಕೂತವನು ವರ್ಷವಾದರೂ ಹೊರಗಿನವನೇ.

ದೊಡ್ಡ ಕಂಪನಿಗಳು ಬೇರೆ ದಾರಿ ಹಿಡಿದಿವೆ. ಮೈಸೂರಿನ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ತರಬೇತಿ ಕೇಂದ್ರ ನಿಮಗೆಲ್ಲ ಗೊತ್ತು. 300 ಎಕರೆ ಮೀರಿದ ಕ್ಯಾಂಪಸ್, ಸಾವಿರಾರು ಜನ ಒಟ್ಟಿಗೇ ಇದ್ದು ಕಲಿಯುವ ವ್ಯವಸ್ಥೆ. ಚೆಂಡಿನಂಥ ಸಿನಿಮಾ ಮಂದಿರ ಬೇರೆ. ಎಲ್ಲರೂ ಹೊಸಬರೇ ಆದ್ದರಿಂದ ಕೇಳಲು ನಾಚಿಕೆ ಇರುವುದಿಲ್ಲ. ರಾತ್ರಿ ಪಕ್ಕದ ರೂಮಿನ ಬಾಗಿಲು ತಟ್ಟಿದರೆ ಪ್ರೋಗ್ರಾಂ ಎಲ್ಲಿ ಕೆಟ್ಟಿದೆ ಎಂದು ಹೇಳುವವರು ಇರುತ್ತಾರೆ. 1979ರಲ್ಲಿ ಜಾನ್ ವ್ಯಾನ್ ಮಾನನ್ ಮತ್ತು ಎಡ್ಗರ್ ಶೈನ್ ಎಂಬ ಇಬ್ಬರು ಸಂಶೋಧಕರು, ಸಂಸ್ಥೆಗಳು ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವ ರೀತಿಗಳನ್ನು ವಿಂಗಡಿಸಿದರು. ನಿಮ್ಮ ಸಿಲಬಸ್ಸಿನಲ್ಲೂ ಇರಬಹುದು. ಗುಂಪಾಗಿ ಕಲಿಸುವುದು ಒಂದು ರೀತಿ, ಒಬ್ಬೊಬ್ಬರಾಗಿ ಕಲಿಸುವುದು ಇನ್ನೊಂದು. ಮುಂದೆ ದಾರಿ ತೋರಿಸಲು ಹಳಬರು ಇರುವುದು ಒಂದು ರೀತಿ, ಯಾರೂ ಇಲ್ಲದೆ ಹೊಸಬರೇ ತಡಕಾಡುವುದು ಇನ್ನೊಂದು. ಮೈಸೂರು ಮಾದರಿ ಗುಂಪಾಗಿ ಕಲಿಸುವುದನ್ನು ಚೆನ್ನಾಗಿ ಮಾಡುತ್ತದೆ. ಕಷ್ಟ ಶುರುವಾಗುವುದು ಕ್ಯಾಂಪಸ್ ಬಿಟ್ಟ ಮೇಲೆ. ಗುಂಪು ಚದುರುತ್ತದೆ. ಒಬ್ಬರು ಪುಣೆಗೆ, ಒಬ್ಬರು ಹೈದರಾಬಾದಿಗೆ. ಪ್ರಾಜೆಕ್ಟಿನಲ್ಲಿ ಎಲ್ಲರೂ ಬ್ಯುಸಿ. ಎರಡನೇ ಸಲ ಹೊಸಬರಾಗುತ್ತಾರೆ, ಈ ಸಲ ಒಬ್ಬಂಟಿಯಾಗಿ. ಕಂಪನಿಯ ಲೆಕ್ಕದಲ್ಲಿ ಅವರ ತರಬೇತಿ ಮುಗಿದಿರುತ್ತದೆ.

ನಮ್ಮ ಬೆಂಗಳೂರಿನದೇ ಇನ್ನೊಂದು ಕಂಪನಿಯಲ್ಲಿ ನಡೆದ ಸಂಶೋಧನೆ ನಿಮಗೆ ಹೇಳಲೇಬೇಕು. ಬೇರೆ ಕಂಪನಿಗಳ ಗ್ರಾಹಕರಿಗೆ ಫೋನಿನಲ್ಲಿ ಉತ್ತರ ಕೊಡುವ ವಿಪ್ರೋದ ಬಿಪಿಒ ವಿಭಾಗದಲ್ಲಿ ಹೊಸಬರು ತಿಂಗಳುಗಳಲ್ಲೇ ಬಿಡುತ್ತಿದ್ದರು. ರಾತ್ರಿ ಪಾಳಿ, ಫೋನಿನಲ್ಲಿ ಬೈಯುವ ಗ್ರಾಹಕರು. ಡ್ಯಾನಿಯಲ್ ಕೇಬಲ್, ಫ್ರಾನ್ಸೆಸ್ಕಾ ಜೀನೋ, ಬ್ರಾಡ್ಲಿ ಸ್ಟಾಟ್ಸ್ ಎಂಬ ಮೂವರು ಅಲ್ಲಿ ಹೊಸ ಬ್ಯಾಚುಗಳನ್ನು ಮೂರು ಬಗೆ ಮಾಡಿದರು. ಒಂದು ಬಗೆಯವರಿಗೆ ಮಾಮೂಲಿ ಪರಿಚಯ. ಎರಡನೆಯವರಿಗೆ ಕಂಪನಿಯ ಹಿರಿಮೆ, ಕಂಪನಿಯ ಹೆಸರಿದ್ದ ಸ್ವೆಟ್‌ಶರ್ಟ್. ಮೂರನೆಯವರಿಗೆ "ನಿಮ್ಮಲ್ಲಿ ಯಾವುದು ಚೆನ್ನಾಗಿದೆ, ಅದನ್ನು ಈ ಕೆಲಸದಲ್ಲಿ ಹೇಗೆ ಬಳಸಬಹುದು" ಎಂಬ ಮಾತುಕತೆ, ಅವರದೇ ಹೆಸರಿದ್ದ ಸ್ವೆಟ್‌ಶರ್ಟ್. ಮೊದಲ ದಿನದಲ್ಲಿ ಬದಲಾದದ್ದು ಒಂದು ಗಂಟೆಯ ಆಸುಪಾಸು ಅಷ್ಟೇ. ಆರು ತಿಂಗಳ ಮೇಲೆ ನೋಡಿದರೆ ಮೂರನೇ ಬಗೆಯವರಲ್ಲಿ ಬಿಟ್ಟು ಹೋದವರು ಕಡಿಮೆ. ಅವರ ಗ್ರಾಹಕರು ಸಹ ಹೆಚ್ಚು ಖುಷಿಯಾಗಿದ್ದರು. 2013ರಲ್ಲಿ ಇದು ಪ್ರಕಟವಾಯಿತು.

ಇದನ್ನು ಓದಿದ ಕೆಲವು ಎಚ್‌ಆರ್ ಮಂದಿ ಸ್ವೆಟ್‌ಶರ್ಟ್ ಆರ್ಡರ್ ಮಾಡಲು ಹೊರಡುತ್ತಾರೆ ಎನ್ನುವುದು ನನ್ನ ಅನುಮಾನ. ಕಾರಣ ಬಟ್ಟೆಯಲ್ಲಿಲ್ಲ. ಮೊದಲ ದಿನವೇ ಯಾರೋ ಕೂತು "ನೀವು ಯಾರು" ಎಂದು ಕೇಳಿದರಲ್ಲ, ಅದರಲ್ಲಿದೆ. ತನ್ನ ಬಗ್ಗೆ ಕೇಳಿದವರನ್ನು ತಾನೂ ನಾಳೆ ಏನಾದರೂ ಕೇಳಬಹುದು ಎಂಬ ಧೈರ್ಯ ಅಲ್ಲಿಂದ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇಲ್ಲಿಯ ತನಕ ಹೊಂದಿಕೊಳ್ಳುವುದು ಒಳ್ಳೆಯದು ಎಂಬಂತೆ ಮಾತಾಡಿದೆ. ಯಾವಾಗಲೂ ಹಾಗಲ್ಲ. ಆಗ ಹೇಳಿದ ವ್ಯಾನ್ ಮಾನನ್ 1970ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ನಗರದ ಪೊಲೀಸ್ ತರಬೇತಿಗೆ ತಾನೇ ಸೇರಿ, ಹೊಸ ಪೊಲೀಸರ ಜೊತೆ ಇದ್ದು ನೋಡಿದವರು. ಉತ್ಸಾಹದಿಂದ ಬಂದ ಹುಡುಗರ ಉತ್ಸಾಹ ಕೆಲವೇ ತಿಂಗಳಲ್ಲಿ ಇಳಿದುಹೋಯಿತು. ಅವರು ಹಳಬರಿಂದ ಕಲಿತದ್ದು ಇಷ್ಟು: ತಲೆ ತಗ್ಗಿಸಿಕೊಂಡು ಇರು, ಮೈಮೇಲೆ ಎಳೆದುಕೊಳ್ಳಬೇಡ, ಜಾಸ್ತಿ ನಿರೀಕ್ಷೆ ಬೇಡ. ಅವರೂ ಹೊಂದಿಕೊಂಡರು. ಬಹಳ ಚೆನ್ನಾಗಿಯೇ ಹೊಂದಿಕೊಂಡರು.

ನಮ್ಮ ಸರ್ಕಾರಿ ಕಚೇರಿಗಳಿಗೆ ಸೇರುವವರು ಇದನ್ನು ನೆನಪಿಡಬೇಕು. ಕರ್ನಾಟಕ ಸರ್ಕಾರದ ನೌಕರರಿಗೆ 1977ರ ಪ್ರೊಬೇಷನ್ ನಿಯಮಗಳ ಪ್ರಕಾರ ಕನಿಷ್ಠ ಎರಡು ವರ್ಷದ ಪರೀಕ್ಷಾ ಅವಧಿ. ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಬೇಕು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೋ ಜಿಲ್ಲಾ ತರಬೇತಿ ಸಂಸ್ಥೆಯಲ್ಲೋ ಒಳ್ಳೆಯ ಪಾಠಗಳೂ ಸಿಗುತ್ತವೆ. ಆಮೇಲೆ ಟೇಬಲ್ಲಿಗೆ ಬಂದು ಕೂತ ದಿನ ಪಕ್ಕದವರು ಹೇಳುತ್ತಾರೆ: "ಫೈಲಿನ ಮೇಲೆ ‘ಚರ್ಚಿಸಿ’ ಅಂತ ಬರೆದು ಕಳಿಸ್ರೀ, ನಿಮಗ್ಯಾಕೆ ತಲೆನೋವು?" ಈ ಮನುಷ್ಯ ಕೆಟ್ಟವರಲ್ಲ. ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಕೇಳಲು ಸಿಕ್ಕ ಮೊದಲ ವ್ಯಕ್ತಿ ಅವರು. ಅದೇ ತೊಂದರೆ. ಮೊದಲು ಯಾರ ಪಕ್ಕ ಕೂರುತ್ತೀರಿ ಎನ್ನುವುದು ನಿಮ್ಮ ಕೈಯಲ್ಲಿ ಇಲ್ಲ. ಎರಡನೆಯವರನ್ನು, ಮೂರನೆಯವರನ್ನು ಹುಡುಕಿಕೊಳ್ಳುವುದು ಇದೆ. ಒಬ್ಬರ ಮಾತನ್ನೇ ಆಫೀಸಿನ ಮಾತು ಎಂದುಕೊಳ್ಳಬೇಡಿ.

ಇನ್ನು ಕೇಳಲು ಯಾರೂ ಇಲ್ಲದಿದ್ದರೆ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಕೋಲಾರ ಜಿಲ್ಲೆಯ ನರಸಾಪುರದ ಪ್ರಕರಣ ಇದೆ. ವಿಸ್ಟ್ರಾನ್ ಕಂಪನಿ ಅಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ನಡೆಸುತ್ತಿತ್ತು. ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ ಹತ್ತು ಸಾವಿರ ದಾಟಿತು. ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. ಹಾಜರಾತಿ ಲೆಕ್ಕ ಸರಿ ಇಲ್ಲ, ಕೈಗೆ ಬಂದ ಸಂಬಳ ಹೇಳಿದ್ದಕ್ಕಿಂತ ಕಡಿಮೆ. ಯಾರನ್ನು ಕೇಳಬೇಕು? ಕಂಪನಿಯವರನ್ನೋ ಗುತ್ತಿಗೆದಾರರನ್ನೋ? 2020ರ ಡಿಸೆಂಬರ್ 12ರಂದು ಅಲ್ಲಿ ದೊಡ್ಡ ಗಲಾಟೆ ನಡೆದು ಕಾರ್ಖಾನೆ ಧ್ವಂಸವಾಯಿತು. ಕಲ್ಲು ಹೊಡೆದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆಮೇಲೆ ಆಪಲ್ ಕಂಪನಿಯೇ ತನಿಖೆ ಮಾಡಿಸಿ, ಕೆಲಸದ ಅವಧಿಯ ಲೆಕ್ಕ ಸರಿಯಾಗಿ ಇಡದೆ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾದದ್ದು ನಿಜ ಎಂದು ಒಪ್ಪಿತು. ವಿಸ್ಟ್ರಾನ್ ಕ್ಷಮೆ ಕೇಳಿತು. ಆಪಲ್ ಅದನ್ನು ಪ್ರೊಬೇಷನ್ ಮೇಲೆ ಇಟ್ಟಿತು. ಹೌದು, ಕಂಪನಿಯನ್ನೇ.

ಹೊಸಬರು ಎಂದರೆ ಇಪ್ಪತ್ತೆರಡರ ಹುಡುಗರು ಎಂದುಕೊಳ್ಳಬೇಡಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. ಅದರ ಹಿಂದಿನ ವರ್ಷ ಇದೇ ದಿನ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಮೂವತ್ತು ವರ್ಷ ಸರ್ವಿಸ್ ಆದವರು ಬೆಳಗಾಗುವುದರಲ್ಲಿ ಹೊಸ ನೌಕರರಾದರು. 2020ರಲ್ಲಂತೂ ದೇಶವೆಲ್ಲ ಲಾಕ್‌ಡೌನ್. ಕೈಕುಲುಕಿ ಸ್ವಾಗತಿಸುವ ಸಮಾರಂಭಕ್ಕೂ ದಾರಿಯಿರಲಿಲ್ಲ. ಸಾಲ ಮಂಜೂರಾತಿಗೆ ಯಾರ ಸಹಿ, ಯಾವ ಫಾರಂ, ಯಾವ ಸರ್ಕ್ಯುಲರ್, ಎಲ್ಲ ಬೇರೆ. ಆ ವಯಸ್ಸಿನಲ್ಲಿ ಕೇಳುವುದು ಇನ್ನೂ ಕಷ್ಟ. "ಇಷ್ಟು ವರ್ಷ ಆದರೂ ಇದು ಗೊತ್ತಿಲ್ವಾ" ಎಂದುಕೊಂಡಾರು ಎಂಬ ಮುಜುಗರ. ಪರಿಚಯದ ಒಬ್ಬರು ಹೊಸ ಬ್ಯಾಂಕಿನವರನ್ನು ಕೇಳುವ ಬದಲು ತಮ್ಮ ಹಳೆಯ ಬ್ಯಾಂಕಿನ, ತಮ್ಮಷ್ಟೇ ಗೊಂದಲದಲ್ಲಿದ್ದ ಗೆಳೆಯರಿಗೆ ಫೋನ್ ಮಾಡುತ್ತಿದ್ದರು. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಆದರೂ ಮಾತಾಡಿದ ಮೇಲೆ ನಿರಾಳವಾಗುತ್ತಿತ್ತಂತೆ.

ಮನೆಯಿಂದಲೇ ಕೆಲಸ ಮಾಡುವ ಹೊಸಬರ ಬಗ್ಗೆ ಒಂದೇ ಮಾತು. ಆಫೀಸಿನಲ್ಲಿ ಪಕ್ಕದವರ ಮುಖ ನೋಡಿ, ಬಿಡುವಾಗಿದ್ದಾರೆ ಎಂದು ತಿಳಿದು ಕೇಳಬಹುದು. ಲ್ಯಾಪ್‌ಟಾಪಿನಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಂಡು, ಆ ಹೊತ್ತಿಗೆ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಕೇಳುವುದು ಎರಡು ಕಡೆಯವರಿಗೂ ಸಲೀಸು.

ಈಗ ನಿಮ್ಮ ಪ್ರಶ್ನೆಗಳು.

"ಸರ್, ನಾನು ಹಳ್ಳಿಯಿಂದ ಬಂದವಳು, ಕನ್ನಡ ಮಾಧ್ಯಮ. ಮೀಟಿಂಗಿನಲ್ಲಿ ಇಂಗ್ಲಿಷ್ ಅರ್ಥವಾಗದಿದ್ದರೆ ಕೇಳಲು ಭಯವಾಗುತ್ತದೆ."

ಆಫೀಸಿನ ಇಂಗ್ಲಿಷ್ ತುಂಬಾ ಚಿಕ್ಕದಮ್ಮ. ಕೆಲವು ನೂರು ಶಬ್ದಗಳು, ಅವೇ ತಿರುತಿರುಗಿ ಬರುತ್ತವೆ. ಇಒಡಿ ಎನ್ನುತ್ತಾರೆ, ಸಂಜೆಯೊಳಗೆ ಅಂತ. ಎಸ್ಕಲೇಟ್ ಎನ್ನುತ್ತಾರೆ, ಮೇಲಿನವರಿಗೆ ವಿಷಯ ಮುಟ್ಟಿಸು ಅಂತ. ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಮೀಟಿಂಗ್ ಮುಗಿದ ಕೂಡಲೇ "ನನಗೆ ಕೊಟ್ಟ ಕೆಲಸ ಇದು, ಇಷ್ಟರೊಳಗೆ ಆಗಬೇಕು, ಸರಿ ತಾನೆ?" ಎಂದು ಎರಡು ಸಾಲಿನ ಮೇಲ್ ಕಳಿಸಿ. ತಪ್ಪು ತಿಳಿದಿದ್ದರೆ ಅವರು ತಿದ್ದುತ್ತಾರೆ. ನೋಡುವವರಿಗೆ ನೀವು ಅಚ್ಚುಕಟ್ಟು ಎನಿಸುತ್ತದೆ, ಇಂಗ್ಲಿಷ್ ಬರುವುದಿಲ್ಲ ಎನಿಸುವುದಿಲ್ಲ. ಮತ್ತೆ, ಕೇಳುವುದನ್ನು ಮೊದಲ ವಾರಗಳಲ್ಲೇ ಕೇಳಿಬಿಡಿ. ಆಗ ಎಂಥ ಪ್ರಶ್ನೆಯನ್ನೂ ಯಾರೂ ತಪ್ಪು ತಿಳಿಯುವುದಿಲ್ಲ. ಅದೇ ಪ್ರಶ್ನೆಯನ್ನು ಆರು ತಿಂಗಳ ಮೇಲೆ ಕೇಳುವುದು ನಿಮಗೇ ಕಷ್ಟ.

"ಹೊಂದಿಕೆ ಆಗದಿದ್ದರೆ ಎಷ್ಟು ದಿನ ಕಾಯಬೇಕು? ಯಾವಾಗ ಬಿಡಬೇಕು?"

ಮೊದಲ ಎರಡು ಮೂರು ತಿಂಗಳ ಕಷ್ಟದಲ್ಲಿ ಹೆಚ್ಚಿನದು ಗೊತ್ತಿಲ್ಲದೆ ಬರುವ ಕಷ್ಟ. ಅದನ್ನು ನಂಬಿ ರಾಜೀನಾಮೆ ಬರೆಯಬೇಡಿ. ಆರು ತಿಂಗಳ ಮೇಲೂ ಭಾನುವಾರ ಸಂಜೆ ಹೊಟ್ಟೆಯಲ್ಲಿ ಸಂಕಟವಾದರೆ ಅದು ಗೊತ್ತಾಗಿ ಬಂದ ಕಷ್ಟ. ಆಗ ಬೇರೆ ಕೆಲಸ ನೋಡಿಕೊಂಡು ಬಿಡಿ. ಕೆಲವಕ್ಕೆ ಇಷ್ಟು ಕಾಯುವುದೂ ಬೇಡ. ಸಂಬಳ ಹೇಳಿದಂತೆ ಬರದಿದ್ದರೆ, ಪಿಎಫ್ ಹಿಡಿದದ್ದು ನಿಮ್ಮ ಖಾತೆಗೆ ಕಟ್ಟದಿದ್ದರೆ, ಮೈಮೇಲೆ ಏರಿ ಬರುವ ಮೇಲಧಿಕಾರಿ ಇದ್ದರೆ, ಅದು ಹೊಂದಿಕೊಳ್ಳುವ ವಿಷಯವೇ ಅಲ್ಲ. ಹೀಗೆ ಬಿಡಬೇಕಾಗಿ ಬಂದಾಗ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಸೇರುವ ದಿನ ಕೊಟ್ಟ ಕಾಗದಗಳಿಂದ. ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ, ಜೆರಾಕ್ಸ್ ಕೊಡಿ. ಇಷ್ಟು ವರ್ಷ ಬಿಡುವುದಿಲ್ಲ ಎಂಬ ಬಾಂಡಿಗೆ ಸಹಿ ಹಾಕಿ ಎಂದರೆ ಮನೆಗೆ ತಂದು, ತಿಳಿದವರ ಜೊತೆ ಕೂತು ಓದಿ, ಮಾರನೇ ದಿನ ಹಾಕಿ. ಒಂದು ರಾತ್ರಿಯೂ ಓದಲು ಕೊಡುವುದಿಲ್ಲ ಎನ್ನುವ ಕಡೆ ಸಹಿ ಹಾಕಬೇಡಿ.